ಸಹಾಯ ಬೇಕು: ಡಲ್ಲಾಸ್ ಹತ್ತಿರದ ನಮ್ಮ ಸಭೆಯ ಹಾಲ್‌ನಲ್ಲಿ ಪೈಪ್ ಒಡೆದಿದೆ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಹಿಮಗಾಳಿಯ ಚಳಿಗೆ ಅಟ್ಟದ ಪೈಪ್ ಹೆಪ್ಪುಗಟ್ಟಿ ಒಡೆದು ಫೆಲೋಶಿಪ್ ಹಾಲ್ ತುಂಬ ನೀರು ನಿಂತಿದೆ. ಮೇನ್ ವಾಲ್ವ್ ಮುಚ್ಚಿದೆ, ಬ್ರೇಕರ್ ಆಫ್ ಮಾಡಿದೆ. ಟೆಕ್ಸಾಸ್‌ನಲ್ಲಿ ಎಷ್ಟೋ ಕಟ್ಟಡಗಳ ಪೈಪ್ ಅಟ್ಟದಲ್ಲೇ ಹೋಗುತ್ತೆ. 2021ರ ಫೆಬ್ರವರಿಯಲ್ಲೂ ಹೀಗೇ ಬಹಳ ಕಡೆ ಒಡೆದಿದ್ದವು. ಐಸ್ ಕರಗಿ ನೀರು ಹರಿದಾಗಲೇ ಬಿರುಕು ಗೊತ್ತಾಗೋದು. ಹಾಗಾಗಿ ನಿಮ್ಮ ಮನೆಯ ಅಟ್ಟವನ್ನೂ ಒಮ್ಮೆ ನೋಡಿಕೊಳ್ಳಿ.

ತುರ್ತಾಗಿ ಬೇಕಿರೋದು: ನೀರು ಎಳೆಯುವ ವ್ಯಾಕ್ಯೂಮ್ 2, ಡಿಹ್ಯುಮಿಡಿಫೈಯರ್ (ಗಾಳಿಯ ತೇವ ಎಳೆಯುವ ಯಂತ್ರ) 3, ದೊಡ್ಡ ಫ್ಯಾನ್‌ಗಳು, ಅರ್ಧ ಇಂಚಿನ ಪೆಕ್ಸ್ (ಬಗ್ಗುವ ಪ್ಲಾಸ್ಟಿಕ್) ಪೈಪ್, ಅದನ್ನು ಜೋಡಿಸುವ ಕಪ್ಲಿಂಗ್, ಜೋಡಣೆ ಬಿಗಿಯುವ ಕ್ರಿಂಪ್ ಟೂಲ್. 24ರಿಂದ 48 ಗಂಟೆಯೊಳಗೆ ಒಣಗಿಸದಿದ್ದರೆ ಗೋಡೆಯೊಳಗೆ ಬೂಷ್ಟು ಹಿಡಿಯುತ್ತೆ. ಮೊದಲು ಇನ್ಶೂರೆನ್ಸ್‌ಗೆ ಪ್ರತಿ ಗೋಡೆಯ ಫೋಟೊ ತೆಗೀರಿ, ಆಮೇಲೆ ಕೈಹಾಕಿ. ಡ್ರೈವಾಲನ್ನು (ಗೋಡೆಯ ಜಿಪ್ಸಮ್ ಹಲಗೆ) ನೀರಿನ ಗುರುತಿಗಿಂತ ಒಂದಡಿ ಮೇಲೆ ಕತ್ತರಿಸಿ, ಒಳಗಿನ ಒದ್ದೆಯಾದ ಇನ್ಸುಲೇಶನ್ (ಚಳಿ ತಡೆಯುವ ಪದರ) ಪೂರ್ತಿ ತೆಗೀಬೇಕು. ಕಾರ್ಪೆಟ್ ಕೆಳಗಿನ ಪ್ಯಾಡ್ ಒಣಗಿಸೋ ಪ್ರಯತ್ನವೇ ಬೇಡ, ಕಿತ್ತುಹಾಕಿ.

ಜನರೇಟರ್ ತರುವವರು ಕಟ್ಟಡದಿಂದ ಕನಿಷ್ಠ 20 ಅಡಿ ದೂರ, ಹೊರಗೇ ಇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಗೊತ್ತಾಗುವಷ್ಟರಲ್ಲಿ ತಡವಾಗಿರುತ್ತೆ.

ಇದಕ್ಕಿಂತ ಮುಖ್ಯವಾದದ್ದು, ಒಂಟಿಯಾಗಿರುವ ಹಿರಿಯರು. ಬೆಳಗ್ಗೆ ಸಂಜೆ ಫೋನ್ ಮಾಡೋರು, ಫೋನ್ ಎತ್ತದಿದ್ದರೆ ಮನೆಗೇ ಹೋಗಿ ನೋಡೋರು ಬೇಕು. ನೀರು ಕುದಿಸಿ ಕುಡಿಯುವ ಸೂಚನೆ ಇರುವ ಕಡೆ ಒಂದು ನಿಮಿಷ ಮರಳಿಸಿ ಆರಿಸಿದ ನೀರನ್ನೇ ಕೊಡಿ. ಬಿಸಿ ಅನ್ನ-ಸಾರು ಮಾಡಿ ತಲುಪಿಸುವವರು, ಭಾನುವಾರದ ಆರಾಧನೆಗೆ ಮನೆ ಬಿಟ್ಟುಕೊಡುವವರು ಕೆಳಗೆ ಏರಿಯಾ ಮತ್ತು ಸಮಯ ಬರೀರಿ.