ಮೆಸೇಜಲ್ಲಿ ತಾರೀಖು ತಪ್ಪಾಗಿ ಹೋಗ್ತಿದೆ, ಈ ಕೆಲಸ ಮಾಡಿರೋರು ಸ್ವಲ್ಪ ಹೇಳಿ

ಹಳೇ ಜಾವಾ ಪ್ರಾಜೆಕ್ಟ್ ಒಂದು ನನ್ನ ಕೈಗೆ ಬಂದಿದೆ, ಸಾಲದ ಕಂತು ನೆನಪಿಸೋಕೆ ಕನ್ನಡದಲ್ಲಿ ಎಸ್ಸೆಮ್ಮೆಸ್ ಕಳಿಸೋದು ಅದರ ಕೆಲಸ. ಒಂದು ಟೆಂಪ್ಲೇಟ್‌ನಿಂದ "14-37-2025ರಂದು ಕಂತು ಕಟ್ಟಬೇಕು" ಅಂತ ಹೋಗ್ತಿದೆ. 37ನೇ ತಿಂಗಳು ಎಲ್ಲಿಂದ ಬಂತು? ಎಲ್ಲಾ ಟೆಂಪ್ಲೇಟ್ ಒಟ್ಟಿಗೇ ಸರಿ ಮಾಡೋಣ ಅಂತಿದೀನಿ, ಏನೇನು ನೋಡ್ಕೋಬೇಕು?

---

ಅದು ತಿಂಗಳಲ್ಲ, ನಿಮಿಷ. ತಾರೀಖು ಯಾವ ರೂಪದಲ್ಲಿ ಬರಬೇಕು ಅಂತ ಕೋಡ್‌ನಲ್ಲಿ ಅಕ್ಷರಗಳಿಂದ ಒಂದು ಪ್ಯಾಟರ್ನ್ ಬರೀತೀವಲ್ಲ, ಜಾವಾದಲ್ಲಿ ಅದರೊಳಗೆ ದೊಡ್ಡ ಎಮ್ ಅಂದ್ರೆ ತಿಂಗಳು, ಚಿಕ್ಕ ಎಮ್ ಅಂದ್ರೆ ನಿಮಿಷ. 37 ಬಂದಿದ್ದೇ ಒಳ್ಳೇದಾಯ್ತು ನೋಡಿ, 07 ಬಂದಿದ್ರೆ ಜುಲೈ ಅಂದ್ಕೊಂಡು ಎಲ್ಲರೂ ಸುಮ್ಮನಿರ್ತಿದ್ರು, ಕಂತು ಕಟ್ಟೋರಿಗೆ ಕಷ್ಟ ಆಗ್ತಿತ್ತು. ಪೈಥಾನ್‌ನಲ್ಲಿ ಇದು ಪೂರ್ತಿ ಉಲ್ಟಾ, ಪರ್ಸೆಂಟ್ ಚಿಹ್ನೆ ಹಾಕಿ ಚಿಕ್ಕ ಎಮ್ ಬರೆದ್ರೆ ತಿಂಗಳು, ದೊಡ್ಡದು ನಿಮಿಷ. ಪಿಎಚ್‌ಪಿಯಲ್ಲಿ ನಿಮಿಷಕ್ಕೆ ಐ. ಗೋ ಭಾಷೆಯಲ್ಲಂತೂ ಈ ಥರ ಅಕ್ಷರಾನೇ ಇಲ್ಲ, 2006ರ ಜನವರಿ 2, ಮಧ್ಯಾಹ್ನ 3 ಗಂಟೆ 4 ನಿಮಿಷ 5 ಸೆಕೆಂಡ್ ಅನ್ನೋ ಒಂದೇ ಒಂದು ಹೊತ್ತನ್ನ ನಮಗೆ ಬೇಕಾದ ರೂಪದಲ್ಲಿ ಬರೆದು ಕೊಡಬೇಕು. ಹಾಗಾಗಿ ಒಂದು ಭಾಷೆಯ ಪ್ಯಾಟರ್ನ್ ಇನ್ನೊಂದಕ್ಕೆ ದಯವಿಟ್ಟು ಕಾಪಿ ಮಾಡಬೇಡಿ.

---

ಇಸವಿನೂ ನೋಡಿ ಸರ್, ಅದು ಇನ್ನೂ ಅಪಾಯ. ಜಾವಾದಲ್ಲಿ ಚಿಕ್ಕ ವೈ ನಾವು ದಿನಾ ಬಳಸೋ ಇಸವಿ, ದೊಡ್ಡ ವೈ ಹಾಕಿದ್ರೆ ಆ ವಾರ ಯಾವ ವರ್ಷಕ್ಕೆ ಸೇರುತ್ತೋ ಆ ವರ್ಷ ಬರುತ್ತೆ. 2024ರ ಡಿಸೆಂಬರ್ 31 ಹಾಕಿ ನೋಡಿ, 2025ರ ಡಿಸೆಂಬರ್ 31 ಅಂತ ತೋರಿಸುತ್ತೆ, ಒಂದು ವರ್ಷ ಮುಂದಕ್ಕೆ! ವರ್ಷವೆಲ್ಲಾ ಸರಿಯಾಗೇ ನಡೆದು ಕೊನೇ ವಾರದಲ್ಲಿ, ಅದೂ ಅರ್ಧ ಆಫೀಸು ರಜೆಯಲ್ಲಿರೋವಾಗ ಕೈ ಕೊಡುತ್ತೆ. ದೊಡ್ಡ ಡಿ ಕಥೆನೂ ಇದೇ, ಅದು ವರ್ಷದ ಎಷ್ಟನೇ ದಿನ ಅಂತ ಹೇಳುತ್ತೆ, ಜನವರಿಯಲ್ಲಿ ಟೆಸ್ಟ್ ಮಾಡಿದ್ರೆ ಎಲ್ಲಾ ಪಾಸು, ಫೆಬ್ರವರಿ 1ಕ್ಕೆ 32 ಬರುತ್ತೆ. ಟೆಸ್ಟ್‌ಗೆ ಈ ಎರಡು ದಿನಾನೂ ಕಡ್ಡಾಯವಾಗಿ ಸೇರಿಸಿ.

---

ನನ್ನ ಪ್ರಕಾರ ಮೂಲ ತೊಂದ್ರೆ ಬೇರೆ ಕಡೆ ಇದೆ. ಕಂತಿನ ಗಡುವಿಗೆ ಟೈಮ್ ಯಾಕೆ ಬೇಕು? ಬರೀ ದಿನ ಇಟ್ಕೊಳ್ಳೋ ಲೋಕಲ್‌ಡೇಟ್ ಬಳಸಿ, ಆಗ ಯಾರಾದ್ರೂ ಪ್ಯಾಟರ್ನ್‌ನಲ್ಲಿ ಚಿಕ್ಕ ಎಮ್ ಬರೆದ್ರೆ ತಪ್ಪು ತಾರೀಖು ಹೋಗೋ ಬದಲು ಅಲ್ಲೇ ಎಕ್ಸೆಪ್ಷನ್ ಬರುತ್ತೆ, ಅಂದ್ರೆ ಪ್ರೋಗ್ರಾಂ ತಪ್ಪು ತೋರಿಸಿ ನಿಲ್ಲುತ್ತೆ, ಜನರ ಫೋನಿಗೆ ಹೋಗೋ ಮುಂಚೆ ನಮಗೇ ಗೊತ್ತಾಗುತ್ತೆ. ಇದಕ್ಕಿಂತ ದೊಡ್ಡ ಕಾವಲು ಇಲ್ಲ. ಟೈಮ್ ಬೇಕೇ ಬೇಕು ಅನ್ನೋ ಕಡೆ ಟೈಮ್ ಜೋನ್ ಏಷ್ಯಾ ಕೋಲ್ಕತಾ (ಭಾರತದ ಸಮಯ) ಅಂತ ನೀವೇ ಕೊಡಿ, ಸರ್ವರ್ ಯುಟಿಸಿಯಲ್ಲಿದ್ರೆ, ಅಂದ್ರೆ ನಮಗಿಂತ ಐದೂವರೆ ಗಂಟೆ ಹಿಂದಿರೋ ಜಾಗತಿಕ ಸಮಯದಲ್ಲಿದ್ರೆ, ನಮಗೆ 15ರ ಬೆಳಗಿನ ಜಾವ 3 ಗಂಟೆ ಆದಾಗ ಅಲ್ಲಿ ಇನ್ನೂ 14ರ ರಾತ್ರಿ 9.30. ಡೇಟಾಬೇಸ್‌ನಲ್ಲಿ ತಾರೀಖನ್ನ ಡೇಟ್ ಆಗೇ ಇಡಿ, ಅಕ್ಷರ ಮಾಡೋದು ಮೆಸೇಜ್ ಕಳಿಸೋ ಹೊತ್ತಿಗೆ ಮಾತ್ರ. ತಾರೀಖನ್ನ ಅಕ್ಷರ ಮಾಡೋ ಜಾವಾದ ಹಳೇ ಸಿಂಪಲ್‌ಡೇಟ್‌ಫಾರ್ಮ್ಯಾಟ್ ಇದ್ರೆ ಅದನ್ನೂ ಕಿತ್ತುಹಾಕಿ, ಒಟ್ಟೊಟ್ಟಿಗೆ ನಡೆಯೋ ಹಲವು ಥ್ರೆಡ್‌ಗಳು ಒಂದನ್ನೇ ಹಂಚ್ಕೊಂಡ್ರೆ ತಾರೀಖುಗಳು ಕಲಸಿಹೋಗ್ತವೆ.

---

ಕನ್ನಡದ ಟೆಂಪ್ಲೇಟ್ ಬಗ್ಗೆ ಯಾರೂ ಹೇಳಲಿಲ್ಲ, ಅದಕ್ಕೆ ಬರೀತಿದೀನಿ. ವೇರಿಯೆಬಲ್‌ಗೆ (ತಾರೀಖು ಬಂದು ಕೂರೋ ಖಾಲಿ ಜಾಗಕ್ಕೆ) ಅಂಟಿಸಿ "ರಂದು" ಅಂತ ಹಾಕಿದ್ರೆ ಅಂಕಿಗೆ ಸರಿಹೋಗುತ್ತೆ, ನಾಳೆ ಯಾರೋ ಅದೇ ಜಾಗಕ್ಕೆ ವಾರದ ಹೆಸರು ಕಳಿಸಿದ್ರೆ "ಸೋಮವಾರರಂದು" ಆಗಿ ಕೂರುತ್ತೆ. "ಕಂತಿನ ಕೊನೇ ದಿನ:" ಅಂತ ಬರೆದು ಮುಂದೆ ವೇರಿಯೆಬಲ್ ಇಟ್ಬಿಡಿ, ಏನೇ ಬಂದ್ರೂ ಓದೋಕೆ ಆಗುತ್ತೆ. ಕನ್ನಡದ ಮೆಸೇಜ್ ಯೂನಿಕೋಡ್ ಆದ್ರಿಂದ ಒಂದು ಎಸ್ಸೆಮ್ಮೆಸ್‌ಗೆ 70 ಕ್ಯಾರೆಕ್ಟರ್ ಅಷ್ಟೇ, ಒತ್ತು ಗುಣಿತ ಎಲ್ಲಾ ಲೆಕ್ಕಕ್ಕೆ ಬರುತ್ತೆ, ಹಾಗಾಗಿ ತಿಂಗಳ ಹೆಸರಿಗಿಂತ ಅಂಕಿನೇ ವಾಸಿ. ಇನ್ನೊಂದು, ಟೆಂಪ್ಲೇಟ್ ಡಿಎಲ್‌ಟಿಯಲ್ಲಿ (ಕಂಪನಿಗಳು ಕಳಿಸೋ ಎಸ್ಸೆಮ್ಮೆಸ್ ವಾಕ್ಯಗಳನ್ನ ಮೊದಲೇ ನೋಂದಾಯಿಸೋ ಟೆಲಿಕಾಂ ವ್ಯವಸ್ಥೆ) ರಿಜಿಸ್ಟರ್ ಆಗಿರುತ್ತಲ್ಲ, ವೇರಿಯೆಬಲ್ ಒಳಗಿನ ತಾರೀಖು ಬದಲಾದ್ರೆ ಪರವಾಗಿಲ್ಲ, ಹೊರಗಿನ ಒಂದು ಪದ ಬದಲಾಯಿಸಿದ್ರೂ ಮೆಸೇಜ್ ಬ್ಲಾಕ್ ಆಗುತ್ತೆ. ಹೊಸ ವಾಕ್ಯಕ್ಕೆ ಇವತ್ತೇ ಅರ್ಜಿ ಹಾಕಿ, ಅಪ್ರೂವಲ್ ಬರೋದ್ರೊಳಗೆ ಕೋಡ್ ಸರಿ ಮಾಡ್ಕೋಬಹುದು.