ಮನಸ್ಸು ಬಿಚ್ಚದ ಅಣ್ಣನನ್ನು ಅರ್ಥಮಾಡಿಕೊಳ್ಳುವುದು ಹೇಗೆ?

ಪ್ರಶ್ನೆ

ನಮ್ಮ ತಂದೆಯವರು ತೀರಿಕೊಂಡ ಮೇಲೆ ಬ್ಯಾಂಕಿನ ಕಾಗದಪತ್ರಗಳಿಂದ ಹಿಡಿದು ತಾಯಿಯವರ ಔಷಧಿಯವರೆಗೆ ಎಲ್ಲವನ್ನೂ ಅಣ್ಣನೊಬ್ಬನೇ ನಿಭಾಯಿಸಿದ್ದಾನೆ. ಆದರೆ ತಂದೆಯವರ ಬಗ್ಗೆ ನಮ್ಮೆದುರು ಈವರೆಗೆ ಒಂದು ಮಾತನ್ನೂ ಆಡಿಲ್ಲ. ಅಮ್ಮ ಅವರ ವಿಷಯವೆತ್ತಿ ಕಣ್ಣೀರು ಹಾಕಿದರೆ ಅವನು ಎದ್ದು ಹೋಗಿ, ಸೋರದೇ ಇರುವ ನಲ್ಲಿಯನ್ನು ಬಿಗಿಮಾಡುತ್ತಾ ನಿಲ್ಲುತ್ತಾನೆ. ‘ನಿನಗೆ ದುಃಖವೇ ಇಲ್ಲವೇ?’ ಎಂದು ಕೇಳಿದ್ದಕ್ಕೆ, ‘ಅತ್ತರೆ ಏನಾದೀತು?’ ಎಂದಷ್ಟೇ ಹೇಳಿ ಸುಮ್ಮನಾದ. ಇಂಥವರಿಗೆ ನಿಜವಾಗಿಯೂ ಏನೂ ಅನ್ನಿಸುವುದಿಲ್ಲವೇ, ಅಥವಾ ಅನ್ನಿಸಿದ್ದನ್ನು ಅದುಮಿಟ್ಟುಕೊಳ್ಳುತ್ತಾರೆಯೇ? ನಾನು ಕೇಳುವುದನ್ನೇ ಬಿಟ್ಟುಬಿಡಬೇಕೇ?

ಮೊದಲ ಉತ್ತರ

ಹೊರಗೆ ಕಾಣಿಸಲಿಲ್ಲವೆಂದ ಮಾತ್ರಕ್ಕೆ ಒಳಗೆ ಏನೂ ಇಲ್ಲವೆಂದು ತೀರ್ಮಾನಿಸಬೇಡಿ. ಮನೋವಿಜ್ಞಾನಿ ಮೇರಿ ಏನ್ಸ್‌ವರ್ತ್ ಅವರು ಸುಮಾರು ಒಂದು ವರ್ಷದ ಮಕ್ಕಳನ್ನು ಕೆಲವು ನಿಮಿಷ ತಾಯಿಯಿಂದ ಬೇರ್ಪಡಿಸಿ ಗಮನಿಸಿದಾಗ, ಕೆಲವು ಮಕ್ಕಳು ಅಳಲೂ ಇಲ್ಲ, ತಾಯಿ ಮರಳಿದಾಗ ಅವಳತ್ತ ಹೋಗಲೂ ಇಲ್ಲ; ಮುಖ ತಿರುಗಿಸಿ ಆಟಿಕೆ ಹಿಡಿದು ಕುಳಿತವು. ಆದರೆ 1977ರಲ್ಲಿ ಸ್ರೂಫ್ ಮತ್ತು ವಾಟರ್ಸ್ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ನಿರಾಳವಾಗಿ ಕಾಣುವ ಮಕ್ಕಳ ಹೃದಯಬಡಿತವೂ ಏರಿರುವುದು ಕಂಡುಬಂತು. ಇದರಿಂದ ನಿಮ್ಮ ಅಣ್ಣನ ಬಾಲ್ಯದ ಬಗ್ಗೆ ಏನನ್ನೂ ಊಹಿಸಲು ಬರುವುದಿಲ್ಲ, ಏಕೆಂದರೆ ಹುಟ್ಟುಗುಣವೂ ಇದರಲ್ಲಿ ಸೇರಿರುತ್ತದೆ. ಸದ್ಯಕ್ಕೆ ಮುಖ್ಯವಾದದ್ದು ನೀವು ಕೇಳಿದ ರೀತಿ. ‘ದುಃಖವೇ ಇಲ್ಲವೇ’ ಎಂಬುದು ಪ್ರಶ್ನೆಯ ವೇಷದ ಆರೋಪವಾಗಿದ್ದು, ಒಬ್ಬರು ಒತ್ತಾಯಿಸಿದಷ್ಟೂ ಇನ್ನೊಬ್ಬರು ಹಿಂದೆ ಸರಿಯುವ, ಹಿಂದೆ ಸರಿದಷ್ಟೂ ಒತ್ತಾಯ ಹೆಚ್ಚುವ ಸುಳಿಯೊಂದು ಅಲ್ಲಿಂದಲೇ ಶುರುವಾಗುತ್ತದೆ. ಇಬ್ಬರೂ ಕೂಡಿ ಯಾವುದಾದರೂ ಕೆಲಸದಲ್ಲಿರುವಾಗ, ‘ಅಪ್ಪನ ಕೈಗಡಿಯಾರವನ್ನು ಯಾರು ಇಟ್ಟುಕೊಳ್ಳೋಣ?’ ಎಂಬಷ್ಟು ಸಣ್ಣದನ್ನು ಕೇಳಿ ನೋಡಿ. ಕಣ್ಣಲ್ಲಿ ಕಣ್ಣಿಟ್ಟು ಕೂರಿಸಿಕೊಂಡರೆ ಬಾಯಿ ಬಿಡದವರು ಕೈಗೆ ಕೆಲಸವಿದ್ದಾಗ ಮಾತನಾಡುವುದುಂಟು.

ಎರಡನೆಯ ಉತ್ತರ

ಇನ್ನೊಂದು ಸಾಧ್ಯತೆಯನ್ನೂ ಸೇರಿಸುತ್ತೇನೆ. ಕೆಲವರಿಗೆ ತಮ್ಮೊಳಗಿನ ಭಾವನೆ ಯಾವುದೆಂದು ಗುರುತಿಸುವುದೇ ಕಷ್ಟ. ಮನೋವೈದ್ಯ ಪೀಟರ್ ಸಿಫ್ನಿಯೋಸ್ 1970ರ ದಶಕದಲ್ಲಿ ಇದನ್ನು ಅಲೆಕ್ಸಿಥೈಮಿಯಾ ಎಂದು ಕರೆದರು. ಅಂಥವರಿಗೆ ‘ಹೇಗನ್ನಿಸುತ್ತಿದೆ’ ಎಂದು ಕೇಳಿ ಪ್ರಯೋಜನವಿಲ್ಲ. ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ ಎಂದು ಕೇಳಿದರೆ ಉತ್ತರ ಸಿಕ್ಕೀತು. ಅಣ್ಣ ಮೊದಲಿನಿಂದಲೂ ಹೀಗೆಯೇ, ಅಥವಾ ಸಾವಿನ ನಂತರ ಹೀಗಾದರೇ? ಬದಲಾವಣೆ ಇತ್ತೀಚಿನದಾಗಿದ್ದು, ನಿದ್ದೆ, ಹಸಿವು, ಕೆಲಸದ ಆಸಕ್ತಿ ಎಲ್ಲವೂ ಕುಂದಿದ್ದರೆ ಖಿನ್ನತೆಯಿರಬಹುದು. ಆಗ ವೈದ್ಯರನ್ನು ಕಾಣುವುದು ಒಳ್ಳೆಯದು.

ಪ್ರಶ್ನೆ ಕೇಳಿದವರು

ಮೊದಲಿನಿಂದಲೂ ಮಿತಭಾಷಿಯೇ; ಊಟ, ನಿದ್ದೆಗೆ ತೊಂದರೆಯಿಲ್ಲ. ಈಗ ನೆನಪಾಗುತ್ತಿದೆ: ತಂದೆಯವರ ಹಳೆಯ ಸ್ಕೂಟರನ್ನು ಮಾರೋಣವೆಂದು ನಾವೆಲ್ಲರೂ ಹೇಳುತ್ತಿದ್ದರೂ, ಪ್ರತಿ ಕಾಗದವನ್ನೂ ಅಚ್ಚುಕಟ್ಟಾಗಿ ಇಡುವ ಅಣ್ಣ ಅದರ ದಾಖಲೆ ಮಾತ್ರ ಸಿಗುತ್ತಿಲ್ಲವೆಂದು ಮುಂದೂಡುತ್ತಲೇ ಇದ್ದಾನೆ.

ಮೂರನೆಯ ಉತ್ತರ

ಹಾಗಿದ್ದರೆ ಆ ದಾಖಲೆಯನ್ನು ಹುಡುಕಿಕೊಡುವ ಉತ್ಸಾಹ ಬೇಡ. ‘ನಿನ್ನ ದುಃಖ ಇದರಲ್ಲಿದೆ’ ಎಂದು ಅವರಿಗೇ ಬಿಡಿಸಿ ಹೇಳುವುದಂತೂ ಬೇಡವೇ ಬೇಡ. ಆದರೆ ಸಹನೆಯ ಪಾಠವನ್ನೆಲ್ಲ ನಿಮಗೊಬ್ಬರಿಗೇ ಹೇಳುತ್ತಿರುವುದು ನನಗೆ ಸರಿಕಾಣುವುದಿಲ್ಲ. ಭಾವನೆಯನ್ನು ಮುಚ್ಚಿಟ್ಟುಕೊಂಡು ಮಾತನಾಡುವಂತೆ ಒಬ್ಬರಿಗೆ ಸೂಚಿಸಿ ನಡೆಸಿದ, 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಎದುರು ಕುಳಿತವರ ರಕ್ತದೊತ್ತಡವೂ ಏರಿತ್ತು; ಮೌನದ ಭಾರ ಅಕ್ಕಪಕ್ಕದವರ ಮೇಲೂ ಬೀಳುತ್ತದೆ. ಅಮ್ಮನ ಅಳುವನ್ನು ನೀವೋ ಬೇರೆ ಬಂಧುಗಳೋ ಕೇಳಿಸಿಕೊಳ್ಳಿ. ಅದನ್ನೂ ಅಣ್ಣನಿಂದಲೇ ನಿರೀಕ್ಷಿಸಬೇಡಿ. ನಿಮಗೇನು ಬೇಕೆಂಬುದನ್ನು ಮಾತ್ರ ಅವರಿಗೆ ನೇರವಾಗಿ ಹೇಳಿ: ‘ನೀನು ಮಾತನಾಡದಿದ್ದರೂ ಪರವಾಗಿಲ್ಲ ಅಣ್ಣ, ಅಮ್ಮ ಅಳುವಾಗ ಎದ್ದು ಹೋಗಬೇಡ.’