ಪಿನಾಕಿನಿಯಂಥ ಬಡಕಲು ಹೊಳೆ ಬೆಟ್ಟ ಕೊರೆಯಬಲ್ಲುದೇ?

ಪ್ರಶ್ನೆ: ಮೇಡಂ, ನಮ್ಮದು ಗೌರಿಬಿದನೂರು. ಉತ್ತರ ಪಿನಾಕಿನಿಯಲ್ಲಿ ನೀರಿಗಿಂತ ಮರಳನ್ನೇ ಹೆಚ್ಚು ನೋಡಿ ಬೆಳೆದವನು ನಾನು. ಮೊನ್ನೆ ಆಂಧ್ರದ ಗಂಡಿಕೋಟೆಗೆ ಹೋದಾಗ ಅದೇ ನದಿ ಸುಮಾರು 300 ಅಡಿ ಆಳದ ಕಮರಿಯಲ್ಲಿ ಹರಿಯುವುದನ್ನು ಕಂಡು ಬೆರಗಾದೆ. ಭೂಕಂಪಕ್ಕೆ ಬೆಟ್ಟ ಸೀಳಿತು ಎಂದರು ಜೊತೆಗಿದ್ದವರು. ನಿಜವೇ?

ಉತ್ತರ (ಭೂವಿಜ್ಞಾನಿ): ಅಲ್ಲ, ನಿಮ್ಮ ಹೊಳೆಯದೇ ಕೆಲಸ. ದೊಡ್ಡ ಭೂಕಂಪದಲ್ಲೂ ನೆಲ ಸರಿಯುವುದು ಸಾಮಾನ್ಯವಾಗಿ ಕೆಲವು ಮೀಟರ್ ಮಾತ್ರ. ಅಷ್ಟಗಲ ಬಾಯಿ ತೆರೆದು ನಿಲ್ಲುವುದಿಲ್ಲ.

ನೀವು ದೂರುತ್ತಿರುವ ಆ ಮರಳೇ ಇಲ್ಲಿ ಉಳಿ. ಬರಿಯ ನೀರು ಗಟ್ಟಿ ಬಂಡೆಯನ್ನು ಅಷ್ಟಾಗಿ ಸವೆಸದು. ಅದು ಉರುಳಿಸಿಕೊಂಡು ಬರುವ ಮರಳು, ಗುಂಡುಕಲ್ಲುಗಳು ಸವೆಸುತ್ತವೆ. ಮೇಕೆದಾಟಿಗೆ ಹೋಗಿದ್ದರೆ ನೆನಪಿಸಿಕೊಳ್ಳಿ: ಕಾವೇರಿಯ ಬಂಡೆಗಳಲ್ಲಿ ಒರಳಿನಂಥ ನುಣುಪು ಗುಂಡಿಗಳಿವೆ. ಸುಳಿಗೆ ಸಿಕ್ಕಿದ ಕಲ್ಲು ರುಬ್ಬುವ ಗುಂಡಿನಂತೆ ತಿರುಗಿ ತಿರುಗಿ ಅವನ್ನು ಅರೆದಿದೆ. ಅಂಥ ಗುಂಡಿಗಳು ಒಂದಕ್ಕೊಂದು ಕೂಡಿಕೊಂಡಾಗ ಹೊಳೆಯ ತಳ ಒಂದು ಮೆಟ್ಟಿಲು ಇಳಿಯುತ್ತದೆ.

ಬೇಸಿಗೆಯ ಹೊಳೆಯನ್ನು ನೋಡಿ ಅದರ ಶಕ್ತಿ ಅಳೆಯಬೇಡಿ. ನೀರಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ 64 ಪಟ್ಟಾಗುತ್ತದೆ ಎನ್ನುವುದು ಹಳೆಯ ಲೆಕ್ಕ. ವರ್ಷವೆಲ್ಲ ಮಲಗಿದ ಹೊಳೆ ನಾಲ್ಕು ದಿನದ ಪ್ರವಾಹದಲ್ಲಿ ತನ್ನ ದುಡಿಮೆ ಮುಗಿಸುತ್ತದೆ. ವರ್ಷಕ್ಕೆ ಕೂದಲೆಳೆಯಷ್ಟು, ಅಂದರೆ ಮಿಲಿಮೀಟರಿನ ಹತ್ತನೇ ಒಂದು ಭಾಗ ಸವೆದರೂ 9 ಲಕ್ಷ ವರ್ಷಕ್ಕೆ 90 ಮೀಟರ್, ಸುಮಾರು 300 ಅಡಿ. ಇದು ಗಂಡಿಕೋಟೆಯಲ್ಲಿ ಅಳೆದ ಅಂಕಿಯಲ್ಲ, ಅಂದಾಜಿಗೆ ಹೇಳಿದ್ದು. ಅಲ್ಲಿನ ಬೆಣಚು ಶಿಲೆಗೆ ನೂರು ಕೋಟಿಗೂ ಹೆಚ್ಚು ವರ್ಷ ವಯಸ್ಸು. ಅದರ ಮುಂದೆ 9 ಲಕ್ಷ ಚಿಲ್ಲರೆ ಲೆಕ್ಕ.

ಮರುಪ್ರಶ್ನೆ: ಸರಿ, ಆದರೆ ಬೆಟ್ಟ ಅಡ್ಡ ಬಂದಾಗ ನದಿ ಬಳಸಿಕೊಂಡು ಹೋಗಬೇಕಿತ್ತಲ್ಲವೇ?

ಉತ್ತರ: ಒಳ್ಳೆಯ ಪ್ರಶ್ನೆ. ಬೆಟ್ಟ ಮೊದಲು, ನದಿ ಆಮೇಲೆ ಎಂದುಕೊಂಡರೆ ಇದು ಒಗಟೇ. ಎಷ್ಟೋ ಕಡೆ ನದಿಯೇ ಮೊದಲು. ಟಿಬೆಟ್‌ನಿಂದ ಬರುವ ಸಟ್ಲೆಜ್ ಹಿಮಾಲಯವನ್ನು ಅಡ್ಡಡ್ಡ ಸೀಳಿಕೊಂಡು ಇಳಿಯುತ್ತದೆ. ಅಲ್ಲಿ ನೆಲ ನಿಧಾನವಾಗಿ ಮೇಲೇಳುತ್ತಿದ್ದರೆ ನದಿ ಕೊಯ್ಯುತ್ತಲೇ ಇತ್ತು. ಗರಗಸ ಇದ್ದಲ್ಲೇ ಇದ್ದು ದಿಮ್ಮಿ ಮೇಲೆ ಬಂದ ಹಾಗೆ. ಇನ್ನು ಕೆಲವು ಕಡೆ ನದಿ ಮೊದಲು ಎತ್ತರದ ಸಪಾಟು ನೆಲದ ಮೇಲೆ ಹರಿಯುತ್ತಿರುತ್ತದೆ. ಸುತ್ತಲಿನ ಮೆದು ಕಲ್ಲು ಬೇಗ ಸವೆದು ತಗ್ಗಾಗಿ, ಗಟ್ಟಿ ಕಲ್ಲು ಬೆಟ್ಟವಾಗಿ ಉಳಿಯುವಷ್ಟರಲ್ಲಿ ಅದು ತಾನೇ ಕೊರೆದ ಕಾಲುವೆಯೊಳಗೆ ಸಿಕ್ಕಿಬಿದ್ದಿರುತ್ತದೆ. ಬಳಸಿ ಹೋಗಲು ಮತ್ತೆ ಮೇಲೆ ಹತ್ತಬೇಕಲ್ಲ!

ಇನ್ನೊಬ್ಬ ಸದಸ್ಯರು: ಮಲೆನಾಡಿನ ಕಣಿವೆಗಳು ಇಳಿಜಾರಾಗಿವೆ, ಗಂಡಿಕೋಟೆಯಲ್ಲಿ ಮಾತ್ರ ಕಮರಿಯ ಗೋಡೆ ಏಕೆ ನೆಟ್ಟಗೆ?

ಉತ್ತರ: ಮಲೆನಾಡಿನಲ್ಲಿ ಮಳೆ ವಿಪರೀತ. ಕಲ್ಲು ಕೊಳೆತು ಮಣ್ಣಾಗಿ ದಡಗಳು ಜಾರಿ ಅಗಲವಾಗುತ್ತವೆ. ಗಂಡಿಕೋಟೆ ಇರುವ ಕಡಪ ಸೀಮೆಯಲ್ಲಿ ಮಳೆ ಕಡಿಮೆ, ಬೆಣಚು ಶಿಲೆ ಕೊಳೆಯುವ ಜಾತಿಯದಲ್ಲ. ಅದರಲ್ಲಿ ಅಡ್ಡ ಪದರಗಳೂ ನೆಟ್ಟನೆಯ ಸೀಳುಗಳೂ ಇವೆ. ಬುಡ ಸವೆದಂತೆ ಮೇಲಿನ ಕಲ್ಲು ಇಟ್ಟಿಗೆಯ ಹಾಗೆ ಸೀಳುಗುಂಟ ಕಳಚಿ ಬೀಳುತ್ತದೆ, ಗೋಡೆ ಮತ್ತೆ ನೆಟ್ಟಗೇ ನಿಲ್ಲುತ್ತದೆ. ಅಲ್ಲಿ ತೆಗೆದ ಫೋಟೊ ಇದ್ದರೆ ದೊಡ್ಡದು ಮಾಡಿ ನೋಡಿ. ಯಾರೋ ಜೋಡಿಸಿಟ್ಟಂತಿರುವ ಆ ಚೌಕ ಬಂಡೆಗಳ ನಡುವಿನ ಗೆರೆಗಳೇ ಈ ಸೀಳುಗಳು.